ಪಿತ್ತಕೋಶದ ನಳಿಕೆಗೆ ವಾರಸುದಾರರು ಯಾರು?

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನನ್ನ ಮೈದುನನ ಹೆಂಡತಿ ಶೇವಂತೆವ್ವಳ ಹೊಟ್ಟೆಯಲ್ಲಿ ನಿಮ್ಮ ಆಸ್ಪತ್ರೆಯವರು ಹಾಕಿದ ನಳಿಕೆಯೊಂದು ಐವತ್ತೆರಡು ದಿನಗಳಿಂದ ಇದೆ. ಅದನ್ನು ತೆಗೆಯಬೇಕೋ, ಬದಲಿಸಬೇಕೋ, ಹಾಗೆಯೇ ಬಿಡಬೇಕೋ ಎಂದು ಹೇಳುವ ಒಬ್ಬ ಮನುಷ್ಯನನ್ನು ನಿಮ್ಮ ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಹುಡುಕಿ ನನ್ನ ಮೊಣಕಾಲು ಸವೆದಿವೆ. ಲಿಫ್ಟ್ ಇದೆಯಲ್ಲ ಎಂದು ನೀವು ಕೇಳಬಹುದು. ಅದರ ಬಾಗಿಲಿಗೆ ನಿಮ್ಮವರೇ ಅಂಟಿಸಿದ ಚೀಟಿಯನ್ನು ನೀವಿನ್ನೂ ಓದಿದಂತಿಲ್ಲ.

ಈ ಪತ್ರವನ್ನು ಪತ್ರಿಕೆಗೆ ಬರೆಯಲು ಕಾರಣ ನಿಮ್ಮ ಉತ್ತರವೇ. ಹಿಂದಿನ ತಿಂಗಳು ನಾನು ನಿಮ್ಮ ಕಚೇರಿಗೆ ಎರಡು ಪುಟದ ದೂರು ಕೊಟ್ಟಿದ್ದೆ. ಹದಿನೇಳು ದಿನಗಳ ಆಳವಾದ ಚಿಂತನೆಯ ನಂತರ ನೀವು ಮೂರು ಸಾಲು ಬರೆದು ಕಳಿಸಿದಿರಿ. ‘ರೋಗಿಗೆ ಸೂಕ್ತ ಚಿಕಿತ್ಸೆ ನೀಡಲಾಗಿದೆ. ನಳಿಕೆಯ ಆರೈಕೆಯನ್ನು ಸಹಾಯಕರಿಗೆ ವಿವರಿಸಲಾಗಿದೆ. ನಂತರ ಉಂಟಾದ ತೊಂದರೆಗೆ ಸಹಾಯಕರ ಅಜ್ಞಾನ ಮತ್ತು ನಿರ್ಲಕ್ಷ್ಯವೇ ಕಾರಣ.’ ಕೆಳಗೆ ದುಂಡು ಮೊಹರು, ಮೊಹರಿನ ಮೇಲೆ ಓದಲಾಗದ ಸಹಿ. ಆ ಸಹಾಯಕಿ ನಾನು. ವಯಸ್ಸು ಎಪ್ಪತ್ತೈದು. ಎಸ್ಸೆಸ್ಸೆಲ್ಸಿ ಪಾಸಾದವಳು. ಅಮರಗೋಳದ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ದಲಾಲಿ ಅಂಗಡಿ ಇರುವ ಹದಿನಾಲ್ಕು ಜನರ ಮನೆಯನ್ನು ನಲವತ್ತು ವರ್ಷಗಳಿಂದ ನಡೆಸುತ್ತ ಬಂದಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನನ್ನು ನಿರ್ಲಕ್ಷ್ಯದವಳು ಎಂದು ಕರೆದ ಮೊದಲ ವ್ಯಕ್ತಿ ನೀವು. ಅದಕ್ಕೇ ಉತ್ತರ ಕೊಡುವ ಗೌರವವನ್ನೂ ನಿಮಗೇ ಸಲ್ಲಿಸುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ. ಅದರೊಳಗೆ ಕೆಲಸ ಬಲ್ಲವರು ಕೆಲವರಿದ್ದಾರೆ, ಅವರ ಅನ್ನಕ್ಕೆ ಕಲ್ಲು ಹಾಕುವ ಉದ್ದೇಶ ನನಗಿಲ್ಲ.

ನಡೆದದ್ದನ್ನು ಹೇಳುತ್ತೇನೆ. ನಿಮ್ಮ ಕಡತದಲ್ಲಿ ಇದು ಇದ್ದಂತೆ ತೋರುವುದಿಲ್ಲ.

ಶೇವಂತೆವ್ವ ನನಗಿಂತ ಆರು ವರ್ಷ ಚಿಕ್ಕವಳು. ಎರಡು ವರ್ಷದ ಹಿಂದೆ ಅವಳಿಗೆ ಹೃದಯಾಘಾತವಾಯಿತು. ಅಂದಿನಿಂದ ಹೃದಯ ಕಾಲು ಭಾಗದ ಕೆಲಸವನ್ನಷ್ಟೇ ಮಾಡುತ್ತಿದೆ. ಸಕ್ಕರೆ ರೋಗವಿದೆ, ಮೂತ್ರಪಿಂಡ ಸೋತಿವೆ, ರಕ್ತ ತೆಳುವಾಗಿಸುವ ಗುಳಿಗೆ ನಿತ್ಯ ನಡೆದಿದೆ. ಇಂಥವಳಿಗೆ ಒಂದು ಮಧ್ಯಾಹ್ನ ಬಲಪಕ್ಕೆಯ ಕೆಳಗೆ ನೋವು ಹತ್ತಿತು. ಬೆನ್ನಿಗೂ ಹೆಗಲಿಗೂ ಹಾಯಿತು. ವಾಂತಿ, ನಡುಕದ ಜ್ವರ. ನಿಮ್ಮಲ್ಲಿಗೆ ತಂದೆವು. ಪಿತ್ತಕೋಶದ ಬಾಯಿಗೆ ಹರಳು ಸಿಕ್ಕಿಬಿದ್ದಿದೆ, ಒಳಗೆ ಕೀವಾಗಿ ಚೀಲ ಉಬ್ಬಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾಯಿತು.

ಅಂದು ಕೆಲಸದಲ್ಲಿದ್ದವರು ಡಾಕ್ಟರ್ ಮಾನಸಿ. ಮಾಳಮಡ್ಡಿಯ ಹುಡುಗಿ, ಇನ್ನೂ ಕಲಿಯುತ್ತಿರುವವರು. ನಿಮ್ಮಲ್ಲಿ ನನ್ನೊಂದಿಗೆ ಕೂತು ಮಾತಾಡಿದ ಏಕೈಕ ಡಾಕ್ಟರು. ಪಿತ್ತಕೋಶವನ್ನು ಕತ್ತರಿಸಿ ತೆಗೆಯುವುದೇ ಈ ರೋಗಕ್ಕೆ ಸರಿಯಾದ ಮದ್ದು ಎಂದು ಅವರು ಮುಚ್ಚಿಡದೆ ಹೇಳಿದರು. ದುರ್ಬಲರಿಗೂ ಆಪರೇಷನ್ನೇ ಮೇಲು ಎನ್ನುವ ಡಾಕ್ಟರುಗಳಿದ್ದಾರೆ ಎಂದೂ ಹೇಳಿದರು. ಆಮೇಲೆ ಹೃದಯದ ವರದಿಯನ್ನು ನನ್ನ ಮುಂದಿಟ್ಟರು. “ಅಜ್ಜಿ, ಇವರನ್ನ ಪೂರ್ತಿ ಎಚ್ಚರ ತಪ್ಪಿಸಿ ಮಲಗಿಸಿದ್ರ ತಿರುಗಿ ಎಬ್ಬಸ್ತೀವಿ ಅಂತ ನಾ ಮಾತು ಕೊಡೂದಿಲ್ರಿ. ಈಗ ಕೀವು ಹೊರಗ ಬರ್ಲಿ. ಜೀವ ಉಳದ್ರ ಮುಂದಿಂದು ಮುಂದ ನೋಡೂಣು” ಎಂದರು. ಚರ್ಮವನ್ನಷ್ಟೇ ಮರಗಟ್ಟಿಸಿ, ಸ್ಕ್ಯಾನಿಂಗಿನಲ್ಲಿ ನೋಡುತ್ತ, ಯಕೃತ್ತಿನ ಮೂಲಕ ಸೂಜಿ ಹಾಯಿಸಿ, ಪಿತ್ತಕೋಶದೊಳಗೆ ಸಣ್ಣ ನಳಿಕೆ ಇಳಿಸಿ, ಹೊರಗಿನ ತುದಿಗೆ ಒಂದು ಚೀಲ ಕಟ್ಟುವುದು. ಇಷ್ಟೇ ಕೆಲಸ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಾನು ಒಪ್ಪಿದೆ. ಸ್ಕ್ಯಾನಿಂಗ್ ವಿಭಾಗದ ಡಾಕ್ಟರು ಅರ್ಧ ಗಂಟೆಯಲ್ಲಿ ಅದನ್ನು ಮಾಡಿ ಮುಗಿಸಿದರು. ಕಪ್ಪು ಹಸಿರು ಬಣ್ಣದ ಹೊಲಸು ಚೀಲಕ್ಕೆ ಬಂದು ಬಿತ್ತು. ಎರಡು ದಿನದಲ್ಲಿ ಜ್ವರ ಇಳಿಯಿತು. ಮೂರನೆಯ ದಿನ ಶೇವಂತೆವ್ವ ನಿಮ್ಮ ಕ್ಯಾಂಟೀನಿನ ಉಪ್ಪಿಟ್ಟನ್ನು ಬೈದಳು. ಅವಳು ಬದುಕಿದಳು ಎಂದು ನನಗೆ ಖಾತ್ರಿಯಾದದ್ದು ಆಗ.

ಇಲ್ಲಿಯವರೆಗೆ ನನ್ನ ದೂರಿಲ್ಲ. ನಳಿಕೆ ಹಾಕುವ ಕೈಗೆ ನಾನು ಕೈಮುಗಿಯುತ್ತೇನೆ. ನಿಮ್ಮ ಆಡಳಿತ ಶುರುವಾಗುವುದು ಅದರ ನಂತರ.

ಆರನೆಯ ದಿನ ಮನೆಗೆ ಕಳಿಸಿದಿರಿ. ಶೇವಂತೆವ್ವಳ ಮಗ ಅಮರೇಶನ ಕೈಗೆ ಒಂದು ಕಟ್ಟು ಕಾಗದ ಕೊಟ್ಟು, ಇಲ್ಲಿ ಇಲ್ಲಿ ಇಲ್ಲಿ ಎಂದು ಬೆರಳು ತೋರಿಸಿ ಸಹಿ ಹಾಕಿಸಿಕೊಂಡರು. ಅವನ ಗಾಡಿ ಗೇಟಿನಲ್ಲಿ ಅಡ್ಡ ನಿಂತಿತ್ತು, ನಿಮ್ಮ ಕಾವಲುಗಾರ ಸೀಟಿ ಊದುತ್ತಿದ್ದ. ಆ ಸೀಟಿಯ ನಡುವೆ ಹಾಕಿದ ಹನ್ನೊಂದು ಸಹಿಗಳಲ್ಲಿ ಒಂದರ ಹೆಸರು ‘ಆರೈಕೆಯನ್ನು ವಿವರಿಸಲಾಗಿದೆ’. ಆ ಸಾಲು ಇಂಗ್ಲಿಷಿನಲ್ಲಿದೆ. ಅದರ ಮೇಲಿನ ನಾಲ್ಕು ಪುಟಗಳೂ ಇಂಗ್ಲಿಷಿನಲ್ಲಿವೆ. ಅವನ್ನೆಲ್ಲ ನಾನು ಆಮೇಲೆ ಓದಿಸಿ ನೋಡಿದೆ. ರಕ್ತದ ಲೆಕ್ಕವಿದೆ, ಮೂತ್ರದ ಲೆಕ್ಕವಿದೆ, ಎರಡು ಸಲ ಅವಳ ವಯಸ್ಸು ತಪ್ಪಾಗಿದೆ. ಚೀಲವನ್ನು ಎಲ್ಲಿ ತೂಗುಹಾಕಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ. ವಿವರಿಸಿದವರು ಯಾರು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು, ಯಾರ ಮುಂದೆ? ಅಥವಾ ವಿವರಿಸಲಾಗಿದೆ ಎಂದು ಬರೆಯುವುದನ್ನೇ ನಿಮ್ಮಲ್ಲಿ ವಿವರಿಸುವುದು ಎನ್ನುತ್ತಾರೆಯೇ?

ಈಗ ನನ್ನ ಅಜ್ಞಾನದ ವಿಷಯ. ಅದನ್ನು ನಾನೇ ಹೇಳುತ್ತೇನೆ, ನಿಮ್ಮ ಮೊಹರಿನ ಅಗತ್ಯವಿಲ್ಲ.

ನಮ್ಮ ಕಡೆ ಯಾರಾದರೂ ಆಸ್ಪತ್ರೆಯಿಂದ ಮನೆಗೆ ಬಂದರೆ ಮಾತಾಡಿಸಲು ಜನ ಬರುತ್ತಾರೆ. ಮಾರುಕಟ್ಟೆಯ ವ್ಯಾಪಾರಸ್ಥರು, ಅವರ ಮನೆಯ ಹೆಣ್ಣುಮಕ್ಕಳು, ಬೀಗರು. ಮಂಚದ ಪಕ್ಕದಲ್ಲಿ ಹಸಿರು ನೀರಿನ ಚೀಲ ತೂಗಾಡುತ್ತಿದ್ದರೆ ಶೇವಂತೆವ್ವ ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅದನ್ನು ನನಗೆ ನೋಡಲಾಗಲಿಲ್ಲ. ಅಮರೇಶನ ಹೆಂಡತಿ ಸೌಮ್ಯಾಳಿಗೆ ಹೇಳಿ ಖಣದ ಬಟ್ಟೆಯಲ್ಲಿ ಒಂದು ಸಂಚಿ ಹೊಲಿಸಿದೆ. ಚೀಲವನ್ನು ಅದರೊಳಗಿಟ್ಟು, ದಾರ ಪೋಣಿಸಿ, ಕೊರಳಿಗೆ ಹಾಕಿ, ಸೆರಗು ಹೊದಿಸಿದೆ. ದಾರದ ಅಳತೆ ಎಷ್ಟು ಎಂದು ಸೌಮ್ಯಾ ಕೇಳಿದಾಗ, ಎದೆಗೆ ಬರುವಷ್ಟು ಎಂದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಅದನ್ನು ಹೊಕ್ಕುಳಿನಿಂದ ಕೆಳಗೆ ಇಳಿಯಗೊಡುವುದಿಲ್ಲ. ಹುಟ್ಟಿದಾಗಿನಿಂದ ಮೈಗೆ ಹತ್ತಿದ ಅಭ್ಯಾಸವದು. ಲಿಂಗಕ್ಕೂ ಪಿತ್ತದ ಚೀಲಕ್ಕೂ ಇರುವ ಅಂತರ ನನಗೆ ಗೊತ್ತಿದೆ. ಆದರೆ ಮೈಮೇಲೆ ಜೋಪಾನವಾಗಿ ಇಟ್ಟುಕೊಳ್ಳಬೇಕಾದ್ದು ಎಂದರೆ ನನ್ನ ಕೈಗೆ ಬಂದ ಅಳತೆ ಅದೊಂದೇ. ಡಾಕ್ಟರನ್ನು ಒಂದು ಮಾತು ಕೇಳೋಣವೇ ಎಂದು ಸೌಮ್ಯಾ ಅಂಜುತ್ತ ಅಂದಳು. ಇಷ್ಟಕ್ಕೆಲ್ಲ ಡಾಕ್ಟರೇಕೆ ಎಂದು ಅವಳ ಬಾಯಿ ಮುಚ್ಚಿಸಿದೆ. ಅದು ನನ್ನ ಎರಡನೆಯ ತಪ್ಪು.

ನಾಲ್ಕು ದಿನ ಜನ ಬಂದರು, ಹೋದರು. ಚೀಲಕ್ಕೆ ಬೀಳುವುದು ಕಡಿಮೆಯಾಗುತ್ತ ಬಂದು ಒಂದು ಬೆಳಗ್ಗೆ ಪೂರ್ತಿ ನಿಂತಿತು. ಒಳಗಿನ ಹೊಲಸೆಲ್ಲ ಮುಗಿಯಿತು, ಆರಾಮಾದಳು ಎಂದು ನಾನು ಮನೆಯಲ್ಲಿ ಸಾರಿದೆ. ಅಂದು ಹೋಳಿಗೆ ಮಾಡಿಸಿದೆ. ತುಪ್ಪವನ್ನು ನನ್ನ ಕೈಯಾರೆ ಬಡಿಸಿದೆ. ಮರುದಿನ ಬೆಳಗ್ಗೆ ಶೇವಂತೆವ್ವಳ ಹಲ್ಲು ಕಟಕಟ ಕಡಿಯುತ್ತಿದ್ದವು, ಮೈ ಕೆಂಡವಾಗಿತ್ತು, ಆಸ್ಪತ್ರೆಗೆ ಹೋದ ಮೊದಲ ದಿನದ ನೋವು ಅದೇ ಜಾಗದಲ್ಲಿ ಬಂದು ಕೂತಿತ್ತು.

ಅಂದು ನಿಮ್ಮಲ್ಲಿಗೆ ಒಂಬತ್ತು ಗಂಟೆಗೆ ಬಂದೆವು. ತುರ್ತು ವಿಭಾಗದಲ್ಲಿ ಒಬ್ಬರು ನಳಿಕೆ ನೋಡಿ, ಇದು ಶಸ್ತ್ರಚಿಕಿತ್ಸೆಯವರ ರೋಗಿ, ಎರಡನೆಯ ಅಂತಸ್ತು ಎಂದರು. ಎರಡನೆಯ ಅಂತಸ್ತಿನಲ್ಲಿ, ನಾವು ಕತ್ತಿ ಹಿಡಿದೇ ಇಲ್ಲ, ನಳಿಕೆ ಹಾಕಿದ ಸ್ಕ್ಯಾನಿಂಗಿನವರನ್ನು ಕೇಳಿ ಎಂದರು. ಸ್ಕ್ಯಾನಿಂಗಿನಲ್ಲಿ, ನಾವು ಹಾಕುವವರಷ್ಟೇ, ರೋಗಿ ನಮ್ಮವರಲ್ಲ, ಶಸ್ತ್ರಚಿಕಿತ್ಸೆಯ ಯೂನಿಟ್ಟಿನಿಂದ ಚೀಟಿ ತನ್ನಿ ಎಂದರು. ಚೀಟಿಗೆ ಹೋದರೆ ನಮ್ಮ ಯೂನಿಟ್ಟಿನ ದಿನ ಮಂಗಳವಾರ ಮತ್ತು ಶುಕ್ರವಾರವಂತೆ. ಅಂದು ಬುಧವಾರ. ಶೇವಂತೆವ್ವ ಬುಧವಾರ ಜ್ವರ ಬರಿಸಿಕೊಂಡದ್ದೇ ಮೊದಲ ಅಪರಾಧವೆಂಬಂತೆ ಆ ಗುಮಾಸ್ತ ನನ್ನನ್ನು ನೋಡಿದ. ಡಾಕ್ಟರ್ ಮಾನಸಿಯವರನ್ನು ಕೇಳಿದೆ. ತಿಂಗಳು ಮುಗಿಯಿತು, ಅವರ ಸರದಿ ಬೇರೆ ವಿಭಾಗಕ್ಕೆ ಬದಲಾಗಿದೆ ಎಂದರು. ನಮ್ಮ ಕಥೆ ಬಲ್ಲ ಒಬ್ಬರೇ ಒಬ್ಬರನ್ನು ಕ್ಯಾಲೆಂಡರಿನ ಹಾಳೆಯ ಜೊತೆ ಹರಿದು ಹಾಕಿದ್ದೀರಿ, ಅವರ ಜಾಗಕ್ಕೆ ಬಂದವರಿಗೆ ನಮ್ಮ ಹೆಸರನ್ನೂ ದಾಟಿಸಿಲ್ಲ.

ಮಧ್ಯಾಹ್ನ ಒಂದೂವರೆಯವರೆಗೆ ಅವಳು ನಿಮ್ಮ ಕಾರಿಡಾರಿನ ಕಲ್ಲು ಬೆಂಚಿನ ಮೇಲೆ ನಡುಗುತ್ತ ಮಲಗಿದ್ದಳು. ಕೊನೆಗೆ ಡ್ರೆಸ್ಸಿಂಗ್ ಕೋಣೆಯ ನರ್ಸ್ ಗುಲ್ಜಾರಬಿ ಹಾದುಹೋಗುತ್ತ ನಿಂತರು. ಸೆರಗು ಸರಿಸಿ ಖಣದ ಸಂಚಿಯನ್ನು ನೋಡಿದರು.

“ಅವ್ವಾರ, ಇದನ್ನ ಕೊರಳಾಗ ಯಾರು ಹಾಕಿದ್ರಿ?”

“ನಾನ.”

“ಹೊಲಿಗಿ ಬಾಳ ಛಂದ ಐತ್ರಿ. ಆದ್ರ ಹೊಟ್ಟ್ಯಾಗಿನ ನೀರು ಎದಿ ಏರಿ ಹೆಂಗ ಬರಬೇಕ್ರಿ? ಚೀಲ ಯಾವಾಗ್ಲೂ ಹೊಟ್ಟಿಗಿಂತ ಕೆಳಗ ಇರಬೇಕು. ದಿನಾ ಸಲೈನ್ ಹಾಯಿಸಿ ಪೈಪ್ ತೊಳೀರಿ ಅಂತನೂ ಯಾರೂ ಹೇಳಿಲ್ಲೇನ್ರಿ?”

ಇಲ್ಲ ಎಂದೆ. ಅವರು ಮುಖ ಗಂಟುಹಾಕಿಕೊಂಡು ಫೋನಿನಲ್ಲಿ ಯಾರೋ ಡಾಕ್ಟರ ಅಪ್ಪಣೆ ಪಡೆದರು. ಸಿರಿಂಜಿನಿಂದ ಸ್ವಲ್ಪ ಸ್ವಲ್ಪವೇ ಸಲೈನ್ ಹಾಯಿಸಿದರು, ಚೀಲವನ್ನು ಬೆಂಚಿನ ಕಾಲಿಗೆ ಕಟ್ಟಿದರು. ಮೊದಲು ಒಂದು ಕರಿ ಗಡ್ಡೆ ಬಂತು, ಅದರ ಹಿಂದೆಯೇ ಪಿತ್ತ. ಶೇವಂತೆವ್ವ ಮತ್ತೆ ನಾಲ್ಕು ದಿನ ನಿಮ್ಮಲ್ಲಿ ಮಲಗಿದಳು.

ಎದೆಯ ಮೇಲೆ ಚೀಲ ತೂಗುಹಾಕಿದವಳು ನಾನು. ಹೋಳಿಗೆ ತಿನ್ನಿಸಿದವಳೂ ನಾನೇ. ಇದನ್ನು ನಾನು ಮನೆಯ ಹದಿಮೂರು ಜನರ ಮುಂದೆ ಒಪ್ಪಿದ್ದೇನೆ, ಈಗ ಜಿಲ್ಲೆಯ ಮುಂದೆ ಒಪ್ಪುತ್ತಿದ್ದೇನೆ. ಆದರೆ ನನಗೆ ಆ ಎರಡು ಮಾತು ಹೇಳಲು ಗುಲ್ಜಾರಬಿಯವರಿಗೆ ಎಷ್ಟು ಹೊತ್ತು ಬೇಕಾಯಿತು? ಒಂದು ನಿಮಿಷ. ಆ ಒಂದು ನಿಮಿಷವನ್ನು ಮನೆಗೆ ಕಳಿಸುವ ದಿನವೇ ಕೊಟ್ಟಿದ್ದರೆ ನಿಮ್ಮ ಆಸ್ಪತ್ರೆಯ ಯಾವ ಗೋಡೆ ಬೀಳುತ್ತಿತ್ತು? ಹೇಳದೆ ಕಳಿಸಿ, ಹೇಳಿದ್ದೇವೆಂದು ಬರೆದುಕೊಂಡು, ತಪ್ಪಿದಾಗ ಅಜ್ಞಾನವೆನ್ನುವುದು ಯಾವ ಶಾಸ್ತ್ರ? ಹೃದಯ ಗಟ್ಟಿ ಇರುವವರಿಗೆ ಆಪರೇಷನ್ ಮಾಡಿ ಹೊಲಿಗೆ ಹಾಕಿ ಕಳಿಸುತ್ತೀರಿ, ಅವರ ಕೆಲಸ ಅಲ್ಲಿಗೆ ಮುಗಿಯುತ್ತದೆ. ನಳಿಕೆ ಹಾಕಿಸಿಕೊಳ್ಳುವವರು ಆ ಆಪರೇಷನ್ ತಡೆಯದ ಜೀವಗಳು. ಎಲ್ಲರಿಗಿಂತ ದುರ್ಬಲರಾದವರನ್ನೇ ಆರಿಸಿ, ಅವರ ಮುಂದಿನ ಚಿಕಿತ್ಸೆಯನ್ನೆಲ್ಲ ಅಡುಗೆಮನೆಯ ಹೆಂಗಸರ ತಲೆಗೆ ಕಟ್ಟಿ, ಅವರಿಗೆ ಒಂದು ಮಾತನ್ನೂ ಹೇಳದೆ ಕಳಿಸುವ ಪದ್ಧತಿಯನ್ನು ಕಂಡುಹಿಡಿದವರಿಗೆ ಊರ ಪರವಾಗಿ ಒಂದು ಶಾಲು ಹೊದಿಸಬೇಕು.

ಇದನ್ನು ಓದುತ್ತಿರುವವರ ಮನೆಯಲ್ಲೂ ಇಂಥ ನಳಿಕೆ ಇರಬಹುದು. ಅವರಿಗಾಗಿ, ಆಸ್ಪತ್ರೆ ಬರೆಯದ್ದನ್ನು ನಾನು ಬರೆಯುತ್ತೇನೆ. ಚೀಲ ಹೊಟ್ಟೆಗಿಂತ ಕೆಳಗಿರಲಿ. ಮಗ್ಗಲು ಬದಲಿಸುವಾಗ, ಸೀರೆ ಉಡಿಸುವಾಗ ನಳಿಕೆ ಜಗ್ಗದಂತೆ ಒಬ್ಬರು ಹಿಡಿಯಲಿ. ಬೀಳುವುದು ಒಮ್ಮೆಲೇ ನಿಂತರೆ, ಜ್ವರ ಬಂದರೆ, ನಳಿಕೆ ಸರಿದರೆ ಹೋಳಿಗೆ ಮಾಡಬೇಡಿ, ಆಸ್ಪತ್ರೆಗೆ ಓಡಿ. ತೊಳೆಯುವುದನ್ನು ನರ್ಸಿನಿಂದ ಕೈಹಿಡಿಸಿ ಕಲಿಯಿರಿ, ಕಲಿಸುವವರೆಗೆ ಅಲ್ಲಿಂದ ಏಳಬೇಡಿ.

ಮಾನ್ಯರೇ, ದೂರು ಇಷ್ಟಕ್ಕೇ ಮುಗಿದಿದ್ದರೆ ನಾನು ನಿಮ್ಮ ಮೂರು ಸಾಲನ್ನು ಸಹಿಸಿಕೊಳ್ಳುತ್ತಿದ್ದೆ. ಎರಡನೆಯ ಸಲ ಮನೆಗೆ ಕಳಿಸುವಾಗ, ನಳಿಕೆ ಹಾಕಿ ಆರು ವಾರವಾದ ಮೇಲೆ ಬನ್ನಿ, ನಳಿಕೆಯ ಮೂಲಕ ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ತೆಗೆದು, ಪಿತ್ತ ಕರುಳಿಗೆ ಇಳಿಯುವ ಒಳದಾರಿ ತೆರೆದಿದೆಯೋ ಇಲ್ಲವೋ ನೋಡಿ, ಆಮೇಲೆ ತೀರ್ಮಾನಿಸುತ್ತೇವೆ ಎಂದಿದ್ದರು. ಆರು ವಾರ ಮುಗಿದ ದಿನ ಹೋದೆವು. ಅಂದು ಶುಕ್ರವಾರವೇ ಇತ್ತು, ಆ ಪಾಠ ಕಲಿತಿದ್ದೆ. ಎಕ್ಸ್‌ರೇ ಬೇಕೆಂದು ಸ್ಕ್ಯಾನಿಂಗಿನವರು ಹೇಳಬೇಕು ಎಂದರು ಯೂನಿಟ್ಟಿನವರು. ಯೂನಿಟ್ಟಿನವರು ಬರೆದುಕೊಟ್ಟರೆ ತೆಗೆಯುತ್ತೇವೆ ಎಂದರು ಸ್ಕ್ಯಾನಿಂಗಿನವರು. ಇಬ್ಬರ ಕೋಣೆಗಳ ನಡುವೆ ನಲವತ್ತೆರಡು ಮೆಟ್ಟಿಲು. ಅವನ್ನು ಆ ಇಬ್ಬರಲ್ಲಿ ಒಬ್ಬರೂ ಹತ್ತಲಿಲ್ಲ. ಇಬ್ಬರ ಪರವಾಗಿ ನಾನು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ನಾಲ್ಕು ದಿನ ಬಿಟ್ಟು ಮಂಗಳವಾರ ಮತ್ತೆ ಹೋದೆವು. ಅದೇ ಉತ್ತರ, ಕುರ್ಚಿಯಲ್ಲಿ ಬೇರೆ ಮುಖ. ನಮ್ಮ ಮಾರುಕಟ್ಟೆಗೆ ಬರುವ ಒಂದೊಂದು ಮೆಣಸಿನಕಾಯಿ ಚೀಲದ ಮೇಲೂ ಅದು ಯಾರ ಅಂಗಡಿಯದು ಎಂಬ ಗುರುತು ಇರುತ್ತದೆ. ಚೀಲ ಒದ್ದೆಯಾದರೆ ಯಾರನ್ನು ಕೇಳಬೇಕೆಂದು ಹಮಾಲನಿಗೂ ಗೊತ್ತು. ನಿಮ್ಮ ಆಸ್ಪತ್ರೆಯ ತುಂಬ ಕಂಪ್ಯೂಟರುಗಳಿವೆ. ಅಷ್ಟು ಕಂಪ್ಯೂಟರುಗಳಲ್ಲಿ ಒಂದಾದರೂ ಶೇವಂತೆವ್ವಳ ನಳಿಕೆ ಇಂಥವರ ಹೊಣೆ ಎಂದು ಹೇಳಬಲ್ಲದೇ?

ನೀವು ಇನ್ನೊಂದು ಮೊಹರು ಹುಡುಕುವ ಮೊದಲು ನಮ್ಮ ಮನೆಯಲ್ಲಿ ನಡೆಯುತ್ತಿರುವುದನ್ನು ತಿಳಿಯಿರಿ. ಶೇವಂತೆವ್ವ ಈ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷ ದಾಟಿತು. ಈ ಐವತ್ತು ವರ್ಷ ಅವಳು ನನ್ನ ಮಾತು ಮೀರಿದವಳಲ್ಲ. ಬಾಣಂತನದಲ್ಲಿ ಏನು ತಿನ್ನಬೇಕು ಎಂಬುದರಿಂದ ಮಗನಿಗೆ ಯಾವ ಮನೆಯ ಹೆಣ್ಣು ತರಬೇಕು ಎಂಬುದರವರೆಗೆ ನನ್ನ ತೀರ್ಮಾನವೇ ಅವಳ ತೀರ್ಮಾನ. ಈಗ ಅವಳು ಹೊರಗೆ ಕೂರುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ, ನಳಿಕೆಯ ಸುತ್ತ ಚರ್ಮ ಕೆಂಪಾಗಿ ಉರಿಯುತ್ತಿದೆ. ಬೆಳಗ್ಗೆ ಪೂಜೆ ಮುಗಿದ ಮೇಲೆ ಒಮ್ಮೆ, ಸಂಜೆ ನಾನು ನಳಿಕೆ ತೊಳೆಯುವಾಗ ಇನ್ನೊಮ್ಮೆ, ದಿನಕ್ಕೆ ಎರಡು ಸಲ ಒಂದೇ ಮಾತು ಕೇಳುತ್ತಾಳೆ. “ಅಕ್ಕಾರ, ಇದನ್ನ ನೀವ ತಗದಬಿಡ್ರಿ. ನೀವು ತಗದ್ರ ನನಗ ಏನೂ ಆಗೂದಿಲ್ಲ.”

ಅವಳು ಅದನ್ನು ನಂಬಿ ಹೇಳುತ್ತಾಳೆ. ನಾನು ಹೂಂ ಎಂದರೆ ಆ ಕ್ಷಣವೇ ಸೆರಗು ಸರಿಸಿ ಮಲಗುತ್ತಾಳೆ. ಒಳದಾರಿ ಮುಚ್ಚಿದ್ದರೆ, ನಳಿಕೆ ತೆಗೆದ ಮೇಲೆ ಮತ್ತೆ ಕೀವು ತುಂಬಬಹುದು, ಆಗ ಈ ಹೃದಯ ತಡೆಯಲಿಕ್ಕಿಲ್ಲ ಎಂದು ಗುಲ್ಜಾರಬಿ ನನಗೆ ಹೇಳಿದ್ದಾರೆ. ತೆರೆದಿದ್ದರೆ ಅವಳು ಇಷ್ಟು ದಿನ ಅನುಭವಿಸುತ್ತಿರುವುದೆಲ್ಲ ದಂಡ. ಎರಡರಲ್ಲಿ ಯಾವುದು ಎಂದು ನೋಡಲು ಒಂದು ಎಕ್ಸ್‌ರೇ ಬೇಕು, ಅದನ್ನು ಓದಿ ಹೌದು ಇಲ್ಲ ಎನ್ನಲು ಒಬ್ಬರು ಬೇಕು. ಮೊನ್ನೆ ಸಂಜೆ ಅವಳು ಕೇಳಿದಾಗ ನಾನು, “ನನಗ ತಿಳಿಯೂದಿಲ್ಲ ಶೇವಂತಿ” ಎಂದೆ. ಅವಳು ಸೆರಗು ಎಳೆದುಕೊಂಡು ನನ್ನ ಕಡೆ ತಿರುಗಿದಳು. ಜ್ವರ ಬಂದ ದಿನವೂ ಅವಳ ಕಣ್ಣಲ್ಲಿ ಅಷ್ಟು ಅಂಜಿಕೆ ಇರಲಿಲ್ಲ.

ಬರುವ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಅವಳನ್ನು ಕರೆದುಕೊಂಡು ನಾನು ನಿಮ್ಮ ಕೋಣೆಗೇ ಬರುತ್ತೇನೆ. ನೀವು ವೈದ್ಯ ಮಾಡಬೇಕಿಲ್ಲ. ಶಸ್ತ್ರಚಿಕಿತ್ಸೆಯ ಯೂನಿಟ್ಟಿನ ಹಿರಿಯರನ್ನೂ ನಳಿಕೆ ಹಾಕಿದ ಡಾಕ್ಟರನ್ನೂ ಆ ಹೊತ್ತಿಗೆ ಒಂದೇ ಕೋಣೆಯಲ್ಲಿ ಕೂರಿಸಿ, ಸಾಕು. ಎಕ್ಸ್‌ರೇ ಆಗಲಿ. ಅಂದೇ ಒಂದು ಕಾಗದದ ಮೇಲೆ ಒಬ್ಬ ಡಾಕ್ಟರ ಹೆಸರು, ಫೋನ್ ನಂಬರು, ಮುಂದಿನ ಹೆಜ್ಜೆ, ಇಷ್ಟನ್ನು ಕನ್ನಡದಲ್ಲಿ ಬರೆದು ಶೇವಂತೆವ್ವಳ ಕೈಗೆ ಕೊಡಿ. ಇನ್ನು ಮುಂದೆ ಇಂಥ ನಳಿಕೆಯೊಂದಿಗೆ ನಿಮ್ಮ ಗೇಟು ದಾಟುವ ಪ್ರತಿಯೊಬ್ಬರಿಗೂ ಅಂಥದೇ ಕಾಗದ ಕೊಡಿ. ತೆಗೆಯಬಹುದು ಎಂದರೆ ತೆಗೆಯಿರಿ. ಸಾಯುವತನಕ ಇರಬೇಕು ಎಂದಾದರೆ ಅದನ್ನು ನೀವೇ ಅವಳ ಮುಖ ನೋಡಿ ಹೇಳಿ. ನಾನು ಪಕ್ಕದಲ್ಲಿ ಅವಳ ಕೈ ಹಿಡಿದು ಕೂತಿರುತ್ತೇನೆ. ಬಾಯಿ ತೆರೆಯುವುದಿಲ್ಲ.

ಇಂತಿ,
ಮನೆಯಲ್ಲಿ ಎಲ್ಲರಿಗೂ ಅಪ್ಪಣೆ ಕೊಟ್ಟು, ಈ ಒಂದಕ್ಕೆ ಅಪ್ಪಣೆ ಕಾಯುತ್ತಿರುವ
ಶಿವಲಿಂಗವ್ವ
ಅಮರಗೋಳ, ಹುಬ್ಬಳ್ಳಿ